ಸಿಂಧನೂರಿನ ಬಿಸಿಲಿಗೂ ಕರೆಂಟಿಗೂ ತಾಳುವ ಡ್ರೈವರ್

ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆಯ ದಿನ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಏರ್ಪಾಡು ಅದು. ರಾಯಚೂರು ಜಿಲ್ಲೆಯಲ್ಲಿ 150ಎ ಹೆದ್ದಾರಿಯ ಗುಂಟ ಒಂದಾದ ಮೇಲೊಂದು ಬರುವ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳಿಗೆ ಸುತ್ತಲಿನ ಹಳ್ಳಿ, ಕ್ಯಾಂಪು, ತಾಂಡಾಗಳಿಂದ ಹೆಣ್ಣುಮಕ್ಕಳು ತಾಯಿ ಕಾರ್ಡ್ ಹಿಡಿದು, ಆಶಾ ಕಾರ್ಯಕರ್ತೆಯ ಬೆನ್ನಿಗೆ ಬಸ್ಸಿಳಿಯುತ್ತಾರೆ. ಸ್ಕ್ಯಾನಿಂಗ್ ಬರೆದುಕೊಟ್ಟರೆ ಸರ್ಕಾರಿ ಆಸ್ಪತ್ರೆಯಲ್ಲೋ ಖಾಸಗಿ ಸೆಂಟರ್‌ನಲ್ಲೋ ನೀರು ಕುಡಿದು, ಹೊಟ್ಟೆ ಬಿಗಿಹಿಡಿದು ಸಾಲಿನಲ್ಲಿ ಕೂರಬೇಕು. ಇಷ್ಟೆಲ್ಲ ಆದ ಮೇಲೆ ಒಮ್ಮೊಮ್ಮೆ ಒಳಗಿನಿಂದ ಬರುವ ಮಾತು: ‘ಮಶಿನ್ ಹ್ಯಾಂಗ್ ಆಗೇದವ್ವ, ನಾಳೆ ಬಾ.’

ಆ ನಾಳೆ ಸುಮ್ಮನೆ ಬರುವುದಿಲ್ಲ. ಒಂದು ದಿನದ ಕೂಲಿ ಹೋಗುತ್ತದೆ, ಜೊತೆಗೆ ಬಂದ ಅತ್ತೆಯದೋ ಗಂಡನದೋ ಕೂಲಿಯೂ ಹೋಗುತ್ತದೆ. ಕುಟುಂಬ ಬೆಂಗಳೂರಿಗೋ ಪುಣೆಗೋ ಗುಳೆ ಹೊರಡುವ ಹೊತ್ತಾಗಿದ್ದರೆ ಆ ಸ್ಕ್ಯಾನಿಂಗ್ ಆಗದೇ ಉಳಿಯಬಹುದು. ಮಗುವಿನ ಅಂಗಾಂಗಗಳಲ್ಲಿ ದೋಷ ಇದೆಯೇ ಎಂದು ನೋಡುವ ಮುಖ್ಯ ಸ್ಕ್ಯಾನಿಂಗ್ 18ರಿಂದ 22 ವಾರಗಳ ನಡುವೆ ಆಗಬೇಕು. ಗರ್ಭಪಾತದ ಕಾನೂನಿಗೆ 2021ರಲ್ಲಿ ತಿದ್ದುಪಡಿ ಬಂದ ಮೇಲೂ 24 ವಾರ ದಾಟಿತೆಂದರೆ ವಿಷಯ ವೈದ್ಯಕೀಯ ಮಂಡಳಿಯ ಮುಂದೆ ಹೋಗುತ್ತದೆ. ನಾಲ್ಕು ವಾರಗಳ ಆ ಕಿಂಡಿಯಲ್ಲಿ ಯಂತ್ರ ಎರಡು ದಿನ ನಿಂತರೂ ಅದು ಒಂದು ಮನೆಯ ಬದುಕನ್ನೇ ಬೇರೆ ದಾರಿಗೆ ತಿರುಗಿಸಬಲ್ಲದು.

ಹ್ಯಾಂಗ್ ಆಯಿತು ಎಂದರೆ ಏನು ಕೆಟ್ಟಿತು? ಮಶಿನ್ ಹಳೆಯದಾಯಿತು ಎಂದು ಹೇಳಿ ಮುಗಿಸುವುದು ರೂಢಿ. ಆದರೆ ಎಷ್ಟೋ ಸಲ ಪ್ರೋಬ್ ಚೆನ್ನಾಗಿರುತ್ತದೆ, ಒಳಗಿನ ಬೋರ್ಡ್ ಚೆನ್ನಾಗಿರುತ್ತದೆ, ಪರದೆಯೂ ಚೆನ್ನಾಗಿರುತ್ತದೆ. ಎಡವಿರುವುದು ಇವುಗಳನ್ನೆಲ್ಲ ಕಂಪ್ಯೂಟರಿಗೆ ಜೋಡಿಸುವ, ಯಾರ ಕಣ್ಣಿಗೂ ಬೀಳದ ಒಂದು ಸಣ್ಣ ತಂತ್ರಾಂಶ. ಅದೇ ಡಿವೈಸ್ ಡ್ರೈವರ್. ಸ್ಕ್ಯಾನಿಂಗ್ ಯಂತ್ರದ ಬೆಲೆ, ಕಂಪನಿ, ಪರದೆಯ ಅಗಲ, ಈಚೆಗೆ ಕೃತಕ ಬುದ್ಧಿಮತ್ತೆ, ಎಲ್ಲದರ ಬಗ್ಗೆಯೂ ನಮ್ಮಲ್ಲಿ ಮಾತು ನಡೆಯುತ್ತದೆ. ಡ್ರೈವರ್ ಬಗ್ಗೆ ಯಾರೂ ಕೇಳುವುದಿಲ್ಲ. ತಾಲ್ಲೂಕು ಊರಿನಲ್ಲಿ ಯಂತ್ರವೊಂದು ಎಷ್ಟು ವರ್ಷ, ಎಷ್ಟು ನಂಬಿಕೆಯಿಂದ ಕೆಲಸ ಮಾಡುತ್ತದೆ ಎಂಬುದು ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ ಎಂಬುದು ನನ್ನ ನಂಬಿಕೆ. ಅದಕ್ಕೆ ಕಾರಣ ತಿಳಿಯಬೇಕಾದರೆ ಯಂತ್ರದ ಒಳಗೆ ಸ್ವಲ್ಪ ಇಳಿಯಬೇಕು.

ಹೊಟ್ಟೆಯ ಮೇಲೆ ಜೆಲ್ ಹಚ್ಚಿ ಆಡಿಸುವ ಪ್ರೋಬ್‌ನ ಮುಖದ ಹಿಂದೆ ಸಾಮಾನ್ಯವಾಗಿ 128 ಸಣ್ಣ ಸೆರಾಮಿಕ್ ತುಣುಕುಗಳು ಸಾಲಾಗಿ ಕೂತಿರುತ್ತವೆ. ವಿದ್ಯುತ್ ಕೊಟ್ಟರೆ ಅವು ಕಂಪಿಸುತ್ತವೆ. ಹೊರಗಿನಿಂದ ಕಂಪನ ಬಂದು ತಾಗಿದರೆ ವಿದ್ಯುತ್ ಕೊಡುತ್ತವೆ. ಹೊಟ್ಟೆಯ ತಪಾಸಣೆಗೆ ಸೆಕೆಂಡಿಗೆ 20 ಲಕ್ಷದಿಂದ 50 ಲಕ್ಷ ಕಂಪನಗಳ ಶಬ್ದ ಬಳಸುತ್ತಾರೆ. ಮನುಷ್ಯನ ಕಿವಿ ಕೇಳುವ ಮಿತಿ 20 ಸಾವಿರ. ತುಣುಕುಗಳು ಒಂದು ಕ್ಷಣ ಶಬ್ದ ಕಳಿಸಿ, ಮರುಕ್ಷಣದಿಂದ ಪ್ರತಿಧ್ವನಿಗೆ ಕಾಯುತ್ತವೆ. ದೇಹದ ಮೆದು ಭಾಗಗಳಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಒಂದು ಸೆಂಟಿಮೀಟರ್ ಆಳಕ್ಕೆ ಹೋಗಿ ಬರಲು 13 ಮೈಕ್ರೊಸೆಕೆಂಡ್, 15 ಸೆಂಟಿಮೀಟರ್ ಆಳಕ್ಕೆ ಸುಮಾರು 195 ಮೈಕ್ರೊಸೆಕೆಂಡ್ ಬೇಕು. ಹೀಗೆ ಒಂದು ಸಲ ಹೋಗಿ ಬಂದರೆ ಚಿತ್ರದ ಒಂದು ಗೆರೆ. 128 ಗೆರೆ ಸೇರಿದರೆ ಒಂದು ಚಿತ್ರ. ಸೆಕೆಂಡಿಗೆ ಸುಮಾರು 40 ಚಿತ್ರ ಬರುತ್ತವೆ. ಪರದೆಯ ಮೇಲೆ ಮಗು ಕೈ ಆಡಿಸಿದಂತೆ ಕಾಣುವುದು ಇದರಿಂದಲೇ.

ಈ ತತ್ವ ಆಸ್ಪತ್ರೆಗೆ ಬಂದದ್ದು ಕಾರ್ಖಾನೆಯಿಂದ. ಗ್ಲಾಸ್ಗೋದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್ 1955ರಲ್ಲಿ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗೆಡ್ಡೆಗಳನ್ನು ಬಾಯ್ಲರ್ ಮಾಡುವ ಕಾರ್ಖಾನೆಗೆ ಒಯ್ದು, ಲೋಹದಲ್ಲಿ ಬಿರುಕು ಹುಡುಕುವ ಉಪಕರಣ ಅವುಗಳ ಮೇಲೆ ಏನು ಹೇಳುತ್ತದೆ ಎಂದು ನೋಡಿದರು. ಆಮೇಲೆ ಟಾಮ್ ಬ್ರೌನ್ ಎಂಬ ಯುವ ಎಂಜಿನಿಯರ್ ಅವರ ಜೊತೆ ಸೇರಿದರು. ಡೊನಾಲ್ಡ್, ಜಾನ್ ಮ್ಯಾಕ್‌ವಿಕಾರ್ ಮತ್ತು ಬ್ರೌನ್ 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಪ್ರಸೂತಿ ವಿಭಾಗದಲ್ಲಿ ಸ್ಕ್ಯಾನಿಂಗ್ ಯುಗ ಶುರುವಾಯಿತು.  

ಈಗ ಲೆಕ್ಕ ನೋಡಿ. 128 ತುಣುಕುಗಳಿಂದ ಬರುವ ಪ್ರತಿಧ್ವನಿಯನ್ನು ಪ್ರತಿಯೊಂದರಿಂದಲೂ ಸೆಕೆಂಡಿಗೆ 4 ಕೋಟಿ ಸಲ ಅಳೆದು, ಒಂದೊಂದು ಅಳತೆಗೆ ಎರಡು ಬೈಟ್‌ನಂತೆ ಬರೆದರೆ ಸೆಕೆಂಡಿಗೆ ಸುಮಾರು 10 ಗಿಗಾಬೈಟ್ ಮಾಹಿತಿ. ಸಾಮಾನ್ಯ ಕಂಪ್ಯೂಟರ್ ಇದನ್ನು ನುಂಗಲಾರದು. ಅದಕ್ಕೇ ಯಂತ್ರದೊಳಗಿನ ಎಫ್‌ಪಿಜಿಎ ಎಂಬ ಚಿಪ್ 128 ಪ್ರತಿಧ್ವನಿಗಳನ್ನು ತಕ್ಕ ತಡದೊಡನೆ ಕೂಡಿಸಿ ಒಂದೇ ಗೆರೆಯಾಗಿ ಮಾಡುತ್ತದೆ. ಆಗ ಸೆಕೆಂಡಿಗೆ 80 ಮೆಗಾಬೈಟ್ ಉಳಿಯುತ್ತದೆ. ಅದನ್ನು ಕಂಪ್ಯೂಟರಿನ ಮೆಮೊರಿಗೆ ಮುಟ್ಟಿಸುವ ಹೊಣೆ ಡ್ರೈವರ್‌ನದು.

80 ಮೆಗಾಬೈಟ್ ದೊಡ್ಡದಲ್ಲ ಎನಿಸಬಹುದು. ಆದರೆ ಪ್ರೊಸೆಸರ್ ತಾನೇ ಹೋಗಿ ಬೋರ್ಡಿನಿಂದ ನಾಲ್ಕು ನಾಲ್ಕು ಬೈಟ್ ಓದಿ ತರಬೇಕೆಂದರೆ ಒಂದು ಓದಿಗೆ ಸುಮಾರು ಒಂದು ಮೈಕ್ರೊಸೆಕೆಂಡ್ ಹಿಡಿಯುತ್ತದೆ. ಸೆಕೆಂಡೆಲ್ಲ ಅದೊಂದನ್ನೇ ಮಾಡಿದರೂ 4 ಮೆಗಾಬೈಟ್ ಮಾತ್ರ ಬರುತ್ತದೆ. ಆದ್ದರಿಂದ ಡ್ರೈವರ್ ಬೇರೆ ದಾರಿ ಹಿಡಿಯುತ್ತದೆ. ಮೆಮೊರಿಯಲ್ಲಿ ಜಾಗ ಕಾದಿರಿಸಿ, ಅದರ ವಿಳಾಸವನ್ನು ಚಿಪ್‌ಗೆ ಕೊಟ್ಟು, ನೀನೇ ತುಂಬು, ತುಂಬಿದ ಮೇಲೆ ಕರೆ ಎನ್ನುತ್ತದೆ. ಡಿಎಂಎ ಎಂದು ಇದಕ್ಕೆ ಹೆಸರು. ನೀರಗಂಟಿ ಕೊಡದಲ್ಲಿ ನೀರು ಹೊತ್ತು ಗದ್ದೆಗೆ ಹಾಕುವುದಿಲ್ಲ. ಯಾವ ತೂಬು ಎಷ್ಟು ಹೊತ್ತು ತೆರೆದಿರಬೇಕು, ಯಾರ ಗದ್ದೆ ತುಂಬಿತು, ಮುಂದಿನ ಪಾಳಿ ಯಾರದು ಎಂದು ನೋಡಿಕೊಳ್ಳುತ್ತಾನೆ; ಅವನು ಮೈಮರೆತರೆ ಒಂದು ಗದ್ದೆ ಒಡೆಯುತ್ತದೆ, ಕಾಲುವೆಯ ಕೊನೆಯ ಗದ್ದೆ ಒಣಗುತ್ತದೆ. ಡ್ರೈವರ್ ಮಾಡುವ ಕೆಲಸ ಅದೇ.

ಮೈಮರೆತರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಮೇಲಿನ ಲೆಕ್ಕದಲ್ಲಿ ಒಂದು ಚಿತ್ರಕ್ಕೆ ಸುಮಾರು 2 ಮೆಗಾಬೈಟ್ ಆಗುತ್ತದೆ. ಡ್ರೈವರ್ ಎಂಟು ಚಿತ್ರಗಳಷ್ಟು ಜಾಗವನ್ನು ಬಳೆಯಂತೆ ಸುತ್ತುಗಟ್ಟಿ ಇಟ್ಟಿದೆ ಎನ್ನಿ. ಚಿಪ್ ಒಂದರಿಂದ ಎಂಟರವರೆಗೆ ತುಂಬಿ ಮತ್ತೆ ಒಂದಕ್ಕೆ ಬರುತ್ತದೆ. ಅಷ್ಟರಲ್ಲಿ ಚಿತ್ರ ಬಿಡಿಸುವ ತಂತ್ರಾಂಶ ಹಳೆಯದನ್ನು ಓದಿ ಖಾಲಿ ಮಾಡಿರಬೇಕು. ಸೆಕೆಂಡಿಗೆ 40 ಚಿತ್ರವಾದರೆ ಎಂಟು ಚಿತ್ರ ಎಂದರೆ ಸೆಕೆಂಡಿನ ಐದನೇ ಒಂದು ಭಾಗದ ಬಿಡುವು. ಡಾಕ್ಟರು ಅದೇ ಹೊತ್ತಿಗೆ ಹಳೆಯ ಪೆನ್‌ಡ್ರೈವ್‌ಗೆ ಚಿತ್ರ ಉಳಿಸಲು ಒತ್ತಿದರು, ಕಂಪ್ಯೂಟರ್ ಅರ್ಧ ಸೆಕೆಂಡ್ ತಡವರಿಸಿತು. ಓದದ ಚಿತ್ರಗಳ ಮೇಲೆ ಹೊಸವು ಬಂದು ಕೂತವು. ಒಳ್ಳೆಯ ಡ್ರೈವರ್ ಇಷ್ಟು ಗೆರೆ ಕಳೆದುಹೋದವು ಎಂದು ಮೇಲಿನ ತಂತ್ರಾಂಶಕ್ಕೆ ತಿಳಿಸುತ್ತದೆ. ಕೆಟ್ಟ ಡ್ರೈವರ್ ಸುಮ್ಮನಿರುತ್ತದೆ.

ಸುಮ್ಮನಿದ್ದರೆ ತೊಂದರೆ ಏನು? ಮಗುವಿನ ಹೃದಯ ಬಡಿತ ಅಳೆಯುವಾಗ ಯಂತ್ರ ಒಂದೇ ಗೆರೆಯನ್ನು ಮತ್ತೆ ಮತ್ತೆ ಕಳಿಸಿ, ಎರಡು ಬಡಿತಗಳ ನಡುವೆ ಎಷ್ಟು ಗೆರೆ ಬಂದವು ಎಂದು ಎಣಿಸಿ ಸಮಯ ಕಟ್ಟಬಹುದು. ನೂರರಲ್ಲಿ ಐದು ಗೆರೆ ಸದ್ದಿಲ್ಲದೆ ಕಳೆದರೆ ಬಡಿತಗಳ ನಡುವಿನ ಸಮಯ ಕಡಿಮೆಯಾಗಿ ಕಾಣುತ್ತದೆ. ನಿಮಿಷಕ್ಕೆ 140 ಇರುವ ಬಡಿತ 147 ಎಂದು ಬರುತ್ತದೆ. ಸಾಮಾನ್ಯ ಮಿತಿ 110ರಿಂದ 160. 154 ಇದ್ದ ಮಗುವಿನದು 162 ಆಗಿ, ತಾಯಿಯನ್ನು ರಾತ್ರೋರಾತ್ರಿ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಕಳಿಸಬೇಕೇ ಎಂಬ ಚರ್ಚೆ ಹುಟ್ಟಬಹುದು. ಹ್ಯಾಂಗ್ ಆದ ಯಂತ್ರ ಕೊನೆಗೆ ತಾನು ಕೆಟ್ಟಿದ್ದೇನೆಂದು ತೋರಿಸಿಕೊಳ್ಳುತ್ತದೆ. ಸರಿಯಾಗಿರುವಂತೆ ಕಂಡು ತಪ್ಪು ಸಂಖ್ಯೆ ಕೊಡುವ ಯಂತ್ರ ಅದಕ್ಕಿಂತ ಅಪಾಯಕಾರಿ. ಪ್ರತಿ ಗೆರೆಗೂ ಒಂದು ಅನುಕ್ರಮ ಸಂಖ್ಯೆ, ಚಿಪ್‌ನ ಗಡಿಯಾರದಿಂದಲೇ ಒಂದು ಸಮಯಮುದ್ರೆ ಹಾಕಿ, ಅದನ್ನು ಡ್ರೈವರ್ ಪ್ರತಿಸಲ ಪರೀಕ್ಷಿಸಿದರೆ ಈ ತಪ್ಪು ನಡೆಯುವುದಿಲ್ಲ. ಹತ್ತಿಪ್ಪತ್ತು ಸಾಲುಗಳ ಕೆಲಸ. ಬರೆಯುವವರಿಗೆ ಅದು ಮುಖ್ಯ ಎನಿಸಬೇಕು ಅಷ್ಟೆ.

ಸಿಂಧನೂರು ಭಾಗಕ್ಕೆ ವಿಶೇಷವಾದ ತೊಂದರೆ ಕರೆಂಟ್‌ನದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಊರು. ರೈಸ್ ಮಿಲ್ಲುಗಳು, ಪಂಪ್‌ಸೆಟ್‌ಗಳು ತುಂಬಿದ ಊರು. ದೊಡ್ಡ ಮೋಟರುಗಳು ಶುರುವಾಗುವಾಗ ವೋಲ್ಟೇಜ್ ಕುಸಿಯುತ್ತದೆ. ಸ್ಟೆಬಿಲೈಸರ್, ಯುಪಿಎಸ್ ಇದ್ದರೂ ಬ್ಯಾಟರಿ ಹಳೆಯದಾದ ಮೇಲೆ ಕರೆಂಟ್ ಹೋಗಿ ಬರುವ ಆ ಕಣ್ಣೆವೆ ಹೊತ್ತಿನಲ್ಲಿ ಕಂಪ್ಯೂಟರ್ ಉಳಿದು, ಪ್ರೋಬ್ ಕಡೆಯ ಬೋರ್ಡ್ ಮಾತ್ರ ಬಿದ್ದೇಳುವುದುಂಟು. ಆ ಬೋರ್ಡ್ ಪಿಸಿಐ ಎಕ್ಸ್‌ಪ್ರೆಸ್ ಎಂಬ ಜೋಡಣೆಯಿಂದ ಕಂಪ್ಯೂಟರಿಗೆ ಅಂಟಿಕೊಂಡಿರುತ್ತದೆ. ಬೋರ್ಡ್ ಮಾಯವಾದಾಗ ಡ್ರೈವರ್ ನೀನು ಹೇಗಿದ್ದೀ ಎಂದು ಕೇಳಿದರೆ ಉತ್ತರ ಬಾರದೇ ಇರುವುದಿಲ್ಲ. ಎಲ್ಲ ಬಿಟ್‌ಗಳೂ ಒಂದಾಗಿರುವ ಉತ್ತರ ಬರುತ್ತದೆ, ಮೂವತ್ತೆರಡೂ ಒಂದು.

ಇದು ತಿಳಿಯದ ಡ್ರೈವರ್ ಆ ಮೂವತ್ತೆರಡು ಒಂದುಗಳನ್ನು ನಿಜವಾದ ಸುದ್ದಿ ಎಂದೇ ತಿಳಿಯುತ್ತದೆ. ಗೆರೆ ಬಂದಿದೆ, ಪ್ರೋಬ್ ಬದಲಾಗಿದೆ, ತಾಪ ಏರಿದೆ, ದೋಷ ಬಂದಿದೆ, ಎಲ್ಲವೂ ಒಟ್ಟಿಗೆ ಆದಂತೆ ಅದಕ್ಕೆ ಕಾಣುತ್ತದೆ. ಒಂದೊಂದನ್ನೇ ತೀರಿಸಿ ಮತ್ತೆ ಕೇಳುತ್ತದೆ, ಮತ್ತೆ ಅದೇ ಉತ್ತರ. ಹೀಗೆ ಕೊನೆಯಿಲ್ಲದೆ ಸುತ್ತುತ್ತದೆ. ಡ್ರೈವರ್ ಕೆಲಸ ಮಾಡುವುದು ಆಪರೇಟಿಂಗ್ ಸಿಸ್ಟಮ್‌ನ ತಿರುಳಿನಲ್ಲಿ, ಅಂದರೆ ಕರ್ನೆಲ್‌ನಲ್ಲಿ. ಅಲ್ಲಿ ಒಬ್ಬರು ಸುತ್ತಲು ಶುರುಮಾಡಿದರೆ ಇಡೀ ಯಂತ್ರ ನಿಲ್ಲುತ್ತದೆ. ಮೌಸ್ ಅಲ್ಲಾಡುವುದಿಲ್ಲ, ಪರದೆಯಲ್ಲಿ ಕೊನೆಯ ಚಿತ್ರ ಅಂಟಿಕೊಂಡಿರುತ್ತದೆ. ‘ಕರೆಂಟ್ ಹೋಗಿ ಬಂತಂದ್ರ ಹಿಂಗ ಆಗ್ತದ್ರಿ ಸರ್’ ಎಂದು ಸೆಂಟರ್‌ನ ಹುಡುಗ ಹೇಳುವಾಗ ಅವನಿಗೆ ಗೊತ್ತಿಲ್ಲದೆಯೇ ಅತ್ಯಂತ ನಿಖರವಾದ ದೋಷವರದಿ ಕೊಟ್ಟಿರುತ್ತಾನೆ. ಎಲ್ಲ ಒಂದುಗಳು ಬಂದವೋ, ಡ್ರೈವರ್ ಬೋರ್ಡ್ ಹೋಗಿದೆ ಎಂದು ತಿಳಿದು ಕೆಲಸ ನಿಲ್ಲಿಸಬೇಕು. ಮತ್ತೆ ಬಂದಾಗ ಮೊದಲಿನಿಂದ ಎಬ್ಬಿಸಬೇಕು. ಡಾಕ್ಟರು ತೆಗೆದಿಟ್ಟ ಅಳತೆಗಳನ್ನು ಕಳೆಯಬಾರದು. ಲ್ಯಾಬ್‌ನಲ್ಲಿ ಹಗಲೂ ರಾತ್ರಿ ಸ್ಥಿರ ವಿದ್ಯುತ್ ಇರುವ ಕಡೆ ಕೂತವರಿಗೆ ಈ ಘಟನೆ ವರ್ಷಕ್ಕೊಮ್ಮೆಯೂ ಎದುರಾಗದೆ ಇರಬಹುದು. ಅದನ್ನು ಬೇಕೆಂದೇ ಮಾಡಿ ನೋಡಬೇಕು.

ಇನ್ನು ಬಿಸಿಲು. ರಾಯಚೂರು ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 40 ದಾಟುವುದು ಹೊಸದಲ್ಲ. ಬಹುತೇಕ ಸ್ಕ್ಯಾನಿಂಗ್ ಯಂತ್ರಗಳ ಕೈಪಿಡಿಯಲ್ಲಿ ಕೋಣೆಯ ತಾಪಕ್ಕೆ ಕೊಟ್ಟ ಮಿತಿ 35ರಿಂದ 40 ಡಿಗ್ರಿ. ಎಸಿ ನಿಂತ ಹತ್ತು ನಿಮಿಷಕ್ಕೆ ಆ ಮಿತಿ ಹತ್ತಿರವಾಗುತ್ತದೆ. ಮೇಲಾಗಿ ಭತ್ತದ ಹೊಟ್ಟಿನ ದೂಳು, ಹತ್ತಿಯ ಎಳೆ ಫ್ಯಾನಿನ ಜಾಲರಿಗೆ ಮೆತ್ತಿಕೊಂಡು ಗಾಳಿ ಆಡುವುದು ನಿಲ್ಲುತ್ತದೆ. ಪ್ರೋಬ್‌ನ ಮುಖವೂ ಕೆಲಸ ಮಾಡುತ್ತ ಮಾಡುತ್ತ ಬಿಸಿಯಾಗುತ್ತದೆ. ಅಲ್ಟ್ರಾಸೌಂಡ್ ಯಂತ್ರಗಳ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡವಾದ ಐಇಸಿ 60601-2-37 ಪ್ರಕಾರ ರೋಗಿಯ ಮೈಗೆ ತಾಗುವ ಆ ಮುಖ 43 ಡಿಗ್ರಿ ದಾಟಬಾರದು. ತಾಪ ಓದಿ, ಮಿತಿ ಹತ್ತಿರವಾದಂತೆ ಶಬ್ದದ ಬಲ ತಗ್ಗಿಸುವ ವ್ಯವಸ್ಥೆಯಲ್ಲಿ ಡ್ರೈವರ್ ಒಂದು ಕೊಂಡಿ. ಆದರೆ ಅದೊಂದನ್ನೇ ನಂಬಿ ಕೂರುವಂತಿಲ್ಲ. ಕಂಪ್ಯೂಟರ್ ಹ್ಯಾಂಗ್ ಆದರೂ ಪ್ರೋಬ್ ಶಬ್ದ ಕಳಿಸುತ್ತಲೇ ಇದ್ದರೆ? ಅದಕ್ಕೆಂದು ಬೋರ್ಡ್‌ನಲ್ಲಿ ಕಾವಲು ಗಡಿಯಾರವೊಂದನ್ನು ಇಡುತ್ತಾರೆ. ನಾನು ಜೀವಂತ ಇದ್ದೇನೆ ಎಂದು ತಂತ್ರಾಂಶ ಆಗಾಗ ಹೇಳುತ್ತಿರಬೇಕು. ಹೇಳುವುದು ನಿಂತರೆ ಬೋರ್ಡ್ ತಾನೇ ಪ್ರೋಬ್‌ಗೆ ಹೋಗುವ ವಿದ್ಯುತ್ ಕಡಿದುಹಾಕುತ್ತದೆ. ಈ ‘ಜೀವಂತ ಇದ್ದೇನೆ’ ಸಂದೇಶವನ್ನು ಎಲ್ಲಿಂದ ಕಳಿಸಬೇಕು ಎಂಬುದರಲ್ಲಿ ವಿವೇಕ ಬೇಕು. ಟೈಮರ್‌ನಿಂದ ತನ್ನಷ್ಟಕ್ಕೆ ಹೋಗುವಂತೆ ಮಾಡಿದರೆ ಮೇಲಿನ ತಂತ್ರಾಂಶ ಸತ್ತಿದ್ದರೂ ಸಂದೇಶ ಹೋಗುತ್ತಲೇ ಇರುತ್ತದೆ. ಚಿತ್ರ ನಿಜವಾಗಿ ಪರದೆಗೆ ಬಂದ ಮೇಲೆಯೇ ಕಳಿಸಬೇಕು.

ಪ್ರೋಬ್ ಬದಲಿಸುವುದು, ಅದರೊಳಗಿನ ಗುರುತಿನ ಚಿಪ್ ಓದುವುದು, ಪಿನ್ನಿಗೆ ಜೆಲ್ ಮೆತ್ತಿ ಗುರುತು ಸಿಗದಿದ್ದಾಗ ಏನು ಮಾಡಬೇಕು, ಇವೂ ಡ್ರೈವರ್ ಬರೆಯುವವರ ತಲೆನೋವುಗಳೇ. ವಿಸ್ತರಿಸುವುದಿಲ್ಲ.

ಇದೆಲ್ಲ ಬರೆಯುವವರು ಎಲ್ಲಿದ್ದಾರೆ? ಬಹಳ ದೂರ ಇಲ್ಲ. ವಿಪ್ರೊ ಮತ್ತು ಜಿಇ ಸೇರಿ ಕಂಪನಿ ಕಟ್ಟಿದ್ದು 1990ರಲ್ಲಿ, ಬೆಂಗಳೂರಿನಲ್ಲಿ. ಜಿಇಯ ಸಂಶೋಧನಾ ಕೇಂದ್ರ ವೈಟ್‌ಫೀಲ್ಡ್‌ನಲ್ಲಿ ತೆರೆದದ್ದು 2000ದಲ್ಲಿ. ಫಿಲಿಪ್ಸ್‌ನ ತಂತ್ರಾಂಶ ಕೇಂದ್ರ 1996ರಿಂದ ಬೆಂಗಳೂರಿನಲ್ಲಿದೆ. ಜಗತ್ತಿನ ಎಷ್ಟೋ ದೇಶಗಳ ಆಸ್ಪತ್ರೆ ಯಂತ್ರಗಳ ತಂತ್ರಾಂಶದಲ್ಲಿ ಕನ್ನಡ ನಾಡಿನ ಎಂಜಿನಿಯರುಗಳ ಬೆವರಿದೆ. ನಮ್ಮ ನೆಲದ ಅಗತ್ಯವನ್ನು ನೋಡಿ ಯಂತ್ರ ಕಟ್ಟಿದ ಉದಾಹರಣೆಯೂ ಬೆಂಗಳೂರಿನಲ್ಲೇ ಇದೆ. ಜಿಇ ತಂಡ ಇಲ್ಲಿ ರೂಪಿಸಿದ ಮ್ಯಾಕ್ 400 ಎಂಬ ಇಸಿಜಿ ಯಂತ್ರ ಚೀಲದಲ್ಲಿ ಹಾಕಿಕೊಂಡು ಹೋಗುವಷ್ಟು ಚಿಕ್ಕದು, ಬ್ಯಾಟರಿಯ ಮೇಲೂ ನಡೆಯುವಂಥದು, ನಾಲ್ಕೇ ಗುಂಡಿಗಳು. ಅದರ ಪ್ರಿಂಟರ್ ಟಿಕೆಟ್ ಮುದ್ರಿಸುವ ಪುಟ್ಟ ಯಂತ್ರದಿಂದ ಬಂದದ್ದು. ಸುಮಾರು 2,000 ಡಾಲರ್ ಬೆಲೆಯ ಯಂತ್ರದ ಕೆಲಸವನ್ನು 800 ಡಾಲರಿಗೆ ಮಾಡಿದರು. ಹಳ್ಳಿಯ ಡಾಕ್ಟರಿಗೆ ಏನು ಬೇಕು ಎಂದು ಮೊದಲು ಕೇಳಿದ್ದರಿಂದ ಅದು ಸಾಧ್ಯವಾಯಿತು.

ಅಲ್ಟ್ರಾಸೌಂಡ್‌ನಲ್ಲಿ ಅಂಥ ತಿರುವು ಬಂದದ್ದು ಚೀನಾದಲ್ಲಿ. 2002ರಲ್ಲಿ ಜಿಇಯ ತಂಡ ಅಲ್ಲಿ ಲ್ಯಾಪ್‌ಟಾಪ್‌ಗೆ ಪ್ರೋಬ್ ಜೋಡಿಸಿದ ಯಂತ್ರ ತಂದಿತು. ಒಂದು ಲಕ್ಷ ಡಾಲರ್ ದಾಟುತ್ತಿದ್ದ ದೊಡ್ಡ ಯಂತ್ರಗಳ ಎದುರು ಅದರ ಬೆಲೆ 30ರಿಂದ 40 ಸಾವಿರ ಡಾಲರ್. 2007ರ ಹೊತ್ತಿಗೆ 15 ಸಾವಿರಕ್ಕೆ ಇಳಿಯಿತು. ಗುಟ್ಟು ಇಷ್ಟೇ: ವಿಶೇಷ ಸರ್ಕ್ಯೂಟ್‌ಗಳು ಮಾಡುತ್ತಿದ್ದ ಕೆಲಸವನ್ನು ಸಾಮಾನ್ಯ ಕಂಪ್ಯೂಟರಿನ ತಂತ್ರಾಂಶಕ್ಕೆ ವರ್ಗಾಯಿಸಿದರು. ತಾಲ್ಲೂಕು ಊರುಗಳಿಗೆ ಸ್ಕ್ಯಾನಿಂಗ್ ಸೆಂಟರುಗಳು ಬಂದದ್ದರ ಹಿಂದೆ ಈ ಬದಲಾವಣೆಯ ದೊಡ್ಡ ಪಾಲಿದೆ. ಆದರೆ ಅದರ ಜೊತೆಗೆ ಹೊಸ ಹೊರೆಯೊಂದೂ ಬಂತು. ಯಂತ್ರದ ಆಯಸ್ಸು ಈಗ ಅದರೊಳಗಿನ ಸಾಮಾನ್ಯ ಕಂಪ್ಯೂಟರಿನ ಆಯಸ್ಸಿಗೆ ಕಟ್ಟುಬಿದ್ದಿದೆ.

ಹತ್ತು ವರ್ಷ ದುಡಿದ ಯಂತ್ರದ ಮದರ್‌ಬೋರ್ಡ್ ಸುಟ್ಟಿತು ಎನ್ನಿ. ಪ್ರೋಬ್‌ಗಳು ಸರಿಯಾಗಿವೆ. ಹೊಸ ಕಂಪ್ಯೂಟರ್ ಹಾಕಿದರೆ ಆಯಿತಲ್ಲ ಎನಿಸುತ್ತದೆ. ಆಗುವುದಿಲ್ಲ. ಹಳೆಯ ಡ್ರೈವರ್ 32 ಬಿಟ್‌ನದಾದರೆ 64 ಬಿಟ್ ವಿಂಡೋಸ್ ಅದನ್ನು ಒಳಗೇ ಬಿಡುವುದಿಲ್ಲ. ಹೊಸ ಡ್ರೈವರ್ ಬರೆದರೂ ಸರಿಯಾದ ಡಿಜಿಟಲ್ ಸಹಿ ಇಲ್ಲದಿದ್ದರೆ ಬಿಡುವುದಿಲ್ಲ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೊಸಾಫ್ಟ್‌ನ ಬೆಂಬಲ 2014ರ ಏಪ್ರಿಲ್‌ನಲ್ಲಿ ನಿಂತಿತು, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ರ ಸಾಮಾನ್ಯ ಆವೃತ್ತಿಗೆ 2025ರ ಅಕ್ಟೋಬರ್ 14ರಂದು. ಹಳೆಯದರಲ್ಲೇ ಉಳಿದ ಯಂತ್ರವನ್ನು ನೆಟ್‌ವರ್ಕ್‌ಗೆ ಸೇರಿಸುವುದು ಎಷ್ಟು ಅಪಾಯ ಎಂಬುದನ್ನು 2017ರ ಮೇ ತಿಂಗಳ ವಾನಾಕ್ರೈ ಎಂಬ ಕುತಂತ್ರಾಂಶದ ದಾಳಿಯಲ್ಲಿ ಬ್ರಿಟನ್ನಿನ ಆಸ್ಪತ್ರೆಗಳು ಅನುಭವಿಸಿದವು. ಲಕ್ಷಾಂತರ ರೂಪಾಯಿಯ, ಇನ್ನೂ ಗಟ್ಟಿಯಾಗಿರುವ ಯಂತ್ರ ಹೀಗೆ ಮೂಲೆ ಸೇರುತ್ತದೆ. ಕಾರಣ ಕೇಳಿದರೆ ಕಂಪನಿಗಳ ಉತ್ತರ: ಈ ಮಾದರಿಗೆ ಈಗ ಸಪೋರ್ಟ್ ಇಲ್ಲ.

ಕಂಪನಿಗಳ ಕಷ್ಟವೂ ಸುಳ್ಳಲ್ಲ. ವೈದ್ಯಕೀಯ ಉಪಕರಣದ ತಂತ್ರಾಂಶಕ್ಕೆ ಐಇಸಿ 62304 ಎಂಬ ಮಾನದಂಡ 2006ರಿಂದ ಇದೆ. ತಂತ್ರಾಂಶದ ಪ್ರತಿ ಭಾಗವೂ ಎಡವಿದರೆ ರೋಗಿಗೆ ಎಷ್ಟು ಹಾನಿ ಎಂದು ಅಳೆದು, ಅದಕ್ಕೆ ತಕ್ಕಂತೆ ದಾಖಲೆ ಬರೆದು, ಪರೀಕ್ಷಿಸಬೇಕು. ಒಂದು ಸಾಲು ತಿದ್ದಿದರೂ ಅದು ಯಾವುದನ್ನು ಮುಟ್ಟುತ್ತದೆ ಎಂದು ನೋಡಿ ಮರುಪರೀಕ್ಷೆ ಮಾಡಬೇಕು. ಭಾರತದಲ್ಲಿ 2017ರ ವೈದ್ಯಕೀಯ ಉಪಕರಣ ನಿಯಮಗಳು ಬಂದವು. 2019ರ ಅಕ್ಟೋಬರ್‌ನ ಅಧಿಸೂಚನೆಯಿಂದ ಎಲ್ಲ ಅಲ್ಟ್ರಾಸೌಂಡ್ ಉಪಕರಣಗಳೂ 2020ರ ನವೆಂಬರ್ 1ರಿಂದ ಔಷಧ ಕಾಯ್ದೆಯ ಹಿಡಿತಕ್ಕೆ ಬಂದವು. ಈ ಬಿಗಿ ಬೇಕೇ ಬೇಕು. ಬಸುರಿಯ ಹೊಟ್ಟೆಯ ಮೇಲಿಡುವ ಯಂತ್ರ ಇದು. ನನ್ನ ಆಕ್ಷೇಪ ಬೇರೆ. ಇದೇ ಬಿಗಿಯನ್ನು ನೆಪವಾಗಿಟ್ಟುಕೊಂಡು ಹಳೆಯ ಯಂತ್ರವನ್ನು ಕೈಬಿಡುವುದು ಸರಿಯಲ್ಲ. ಕರ್ನೆಲ್‌ನಲ್ಲಿ ಇರುವ ಭಾಗವನ್ನು ಆದಷ್ಟು ಚಿಕ್ಕದಾಗಿ ಬರೆದು, ಚಿತ್ರ ಕಟ್ಟುವ ಬುದ್ಧಿಯನ್ನೆಲ್ಲ ಮೇಲಿನ ಪದರಕ್ಕೆ ಬಿಟ್ಟರೆ, ಆಪರೇಟಿಂಗ್ ಸಿಸ್ಟಮ್ ಬದಲಾದಾಗ ತಿದ್ದಬೇಕಾದದ್ದೂ ಮರುಪರೀಕ್ಷಿಸಬೇಕಾದದ್ದೂ ಕಡಿಮೆ. ಮೊದಲ ದಿನವೇ ಹೀಗೆ ಯೋಚಿಸಿದವರ ಯಂತ್ರ ಹದಿನೈದು ವರ್ಷ ಬಾಳುತ್ತದೆ.

ಕೊಳ್ಳುವವರಿಗೂ ಇಲ್ಲಿ ಕೆಲಸವಿದೆ. ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಿಗೆ ಖರೀದಿ ಮಾಡುವುದು ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಟೆಂಡರ್‌ಗಳಲ್ಲಿ ಪ್ರೋಬ್ ಎಷ್ಟು, ಪರದೆ ಎಷ್ಟು ಇಂಚು, ವಾರಂಟಿ ಎಷ್ಟು ವರ್ಷ, ಆಮೇಲೆ ಸಿಎಂಸಿ ಎಂಬ ನಿರ್ವಹಣಾ ಒಪ್ಪಂದದ ದರ ಎಷ್ಟು ಎಂದು ಕೇಳುವುದು ವಾಡಿಕೆ. ಇನ್ನು ಮೂರು ಸಾಲು ಸೇರಿಸಬೇಕು. ಖರೀದಿಯಾದ ದಿನದಿಂದ ಹತ್ತು ವರ್ಷ, ಬೆಂಬಲ ಇರುವ ಆಪರೇಟಿಂಗ್ ಸಿಸ್ಟಮ್ ಮೇಲೆ ನಡೆಯುವ ಡ್ರೈವರ್ ಕೊಡುವ ಕರಾರು. ಸ್ಕ್ಯಾನ್ ನಡುವೆ ಕರೆಂಟ್ ಕಡಿದು ಕೊಟ್ಟಾಗ ಯಂತ್ರ ಹೇಗೆ ವರ್ತಿಸುತ್ತದೆ ಎಂದು ಸಮಿತಿಯ ಎದುರೇ ತೋರಿಸುವ ಪರೀಕ್ಷೆ. ಡ್ರೈವರ್ ಬರೆದಿಡುವ ದೋಷದ ದಾಖಲೆಯನ್ನು ಜಿಲ್ಲೆಯ ಬಯೊಮೆಡಿಕಲ್ ಎಂಜಿನಿಯರ್ ಓದಲು ಅವಕಾಶ. ಈಗ ಅದು ಕಂಪನಿಯ ಪಾಸ್‌ವರ್ಡ್‌ನ ಹಿಂದೆ ಇರುವುದೇ ಹೆಚ್ಚು. ಖಾಸಗಿ ಡಾಕ್ಟರುಗಳೂ ಡೀಲರ್ ಮುಂದೆ ಕೂತಾಗ ಈ ಮೂರನ್ನು ಬರವಣಿಗೆಯಲ್ಲಿ ಕೇಳಬೇಕು. ಎರಡನೆಯದಕ್ಕೆ ಖರ್ಚೇ ಇಲ್ಲ, ಸ್ವಿಚ್ ಆಫ್ ಮಾಡಿದರೆ ಸಾಕು.

ಡ್ರೈವರ್‌ನಿಂದಲೇ ಭ್ರೂಣಲಿಂಗ ಪತ್ತೆ ತಡೆಯಬಹುದಲ್ಲ ಎಂದು ಕೇಳುವವರಿದ್ದಾರೆ. 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರತಿ ಸೆಂಟರ್‌ನಲ್ಲೂ ಇಲ್ಲಿ ಲಿಂಗಪತ್ತೆ ಮಾಡುವುದಿಲ್ಲ ಎಂಬ ಫಲಕ ಹಾಕಿಸಿದೆ, ಪ್ರತಿ ಗರ್ಭಿಣಿಗೂ ಫಾರ್ಮ್ ಎಫ್ ತುಂಬಿಸುತ್ತದೆ. ಆದರೂ 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಯಂತ್ರ ಇಟ್ಟು ದಂಧೆ ನಡೆಸುತ್ತಿದ್ದ ಜಾಲ ಸಿಕ್ಕಿಬಿತ್ತು. ಡ್ರೈವರ್‌ಗೆ ಮಗು ಕಾಣುವುದಿಲ್ಲ, ಪ್ರತಿಧ್ವನಿಯ ಸಂಖ್ಯೆಗಳಷ್ಟೇ ಕಾಣುತ್ತವೆ. ಹಾಗಾಗಿ ಅದು ತಡೆಯಲಾರದು. ಆದರೆ ಯಂತ್ರ ಯಾವಾಗ ಆನ್ ಆಯಿತು, ಯಾವ ಪ್ರೋಬ್ ಎಷ್ಟು ಹೊತ್ತು ಶಬ್ದ ಕಳಿಸಿತು ಎಂಬುದನ್ನು ಅಳಿಸಲಾಗದಂತೆ ಬರೆದಿಡಬಲ್ಲದು. ಕೊಲ್ಹಾಪುರದಲ್ಲಿ ಸ್ಕ್ಯಾನಿಂಗ್ ಯಂತ್ರಗಳ ಪರದೆಯ ಸಂಕೇತವನ್ನೇ ದಾಖಲಿಸುವ ಪೆಟ್ಟಿಗೆಗಳನ್ನು ಹೊರಗಿನಿಂದ ಕೂರಿಸಿದ್ದರು. ಬಾಂಬೆ ಹೈಕೋರ್ಟ್ 2011ರಲ್ಲಿ ಅದನ್ನು ಎತ್ತಿಹಿಡಿಯಿತು. ಒಳಗಿನ ದಾಖಲೆ ಅದಕ್ಕಿಂತ ಅಗ್ಗ. ಫಾರ್ಮ್ ಎಫ್‌ಗಳ ಲೆಕ್ಕಕ್ಕೂ ಅದಕ್ಕೂ ತಾಳೆ ನೋಡುವ ಅಧಿಕಾರಿ ಮಾತ್ರ ಬೇಕೇ ಬೇಕು.

ಇದೇ ಕಾಯ್ದೆ ಕಲಿಯುವ ಹುಡುಗ ಹುಡುಗಿಯರಿಗೆ ಒಂದು ಅಡ್ಡಿಯನ್ನೂ ಒಡ್ಡುತ್ತದೆ. ನೋಂದಣಿ ಇಲ್ಲದವರಿಗೆ ಸ್ಕ್ಯಾನಿಂಗ್ ಯಂತ್ರ ಮಾರುವಂತಿಲ್ಲ. ರಾಯಚೂರಿನ ಎಂಜಿನಿಯರಿಂಗ್ ವಿದ್ಯಾರ್ಥಿ ಗುಜರಿಯ ಹಳೆಯ ಯಂತ್ರ ತಂದು ಬಿಚ್ಚಿ ಕಲಿಯಲಾಗದು, ಆಗಬಾರದು ಕೂಡ. 2019ರಲ್ಲಿ ಶುರುವಾದ ರಾಯಚೂರಿನ ಐಐಐಟಿ, ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಇಲ್ಲೆಲ್ಲ ಸಿಂಧನೂರು, ಮಸ್ಕಿ ಕಡೆಯ ಬೇಸಿಗೆಯನ್ನೂ ಕರೆಂಟನ್ನೂ ಬಲ್ಲ ಮಕ್ಕಳು ಬಂದರೆ ಅವರಿಗೆ ದಾರಿ ಬೇಕು.

ದಾರಿ ಇದೆ, ಪುಕ್ಕಟೆ ಇದೆ. ಕ್ಯೂಎಮು ಎಂಬ ಮುಕ್ತ ತಂತ್ರಾಂಶ ಲ್ಯಾಪ್‌ಟಾಪ್‌ನೊಳಗೆ ಇನ್ನೊಂದು ಕಂಪ್ಯೂಟರನ್ನು ಸೃಷ್ಟಿಸುತ್ತದೆ. ಅದರಲ್ಲಿ ‘ಎಜು’ ಎಂಬ ಹೆಸರಿನ, ಡ್ರೈವರ್ ಬರೆಯಲು ಕಲಿಸುವುದಕ್ಕೆಂದೇ ಮಾಡಿದ ಒಂದು ಸಾಧನವಿದೆ. ನಿಜವಾದ ಪಿಸಿಐ ಬೋರ್ಡಿನಂತೆಯೇ ವರ್ತಿಸುತ್ತದೆ. ಸಂಖ್ಯೆ ಕೊಟ್ಟರೆ ಅದರ ಫ್ಯಾಕ್ಟೋರಿಯಲ್ ಲೆಕ್ಕ ಹಾಕಿ, ಮುಗಿದಾಗ ಇಂಟರಪ್ಟ್, ಅಂದರೆ ಕೆಲಸ ಆಯಿತೆಂಬ ಕರೆ, ಕಳಿಸುತ್ತದೆ. 4096 ಬೈಟ್‌ನ ಜಾಗವಿದೆ, ಡಿಎಂಎ ಮಾಡಬಹುದು. ಲಿನಕ್ಸ್‌ನಲ್ಲಿ ಅದಕ್ಕೊಂದು ಡ್ರೈವರ್ ಬರೆಯುವುದು ಮಿನಿ ಪ್ರಾಜೆಕ್ಟ್‌ಗೆ ತಕ್ಕ ಕೆಲಸ. ಮೊದಲು ಫ್ಯಾಕ್ಟೋರಿಯಲ್ ಬರಲಿ, ಆಮೇಲೆ ಇಂಟರಪ್ಟ್, ಆಮೇಲೆ ಸುತ್ತುಗಟ್ಟಿದ ಬಫರ್. ಅದೆಲ್ಲ ಸಲೀಸಾಗಿ ಓಡುವಾಗ ಸಾಧನವನ್ನು ನಡುವೆಯೇ ಕಿತ್ತುಹಾಕುವ ಆಜ್ಞೆ ಕೊಟ್ಟು, ತಮ್ಮ ಡ್ರೈವರ್ ಏನು ಮಾಡುತ್ತದೆ ಎಂದು ನೋಡಬೇಕು.